ಐದು ಆಂಪಿಯರಿನ ಗೆರೆ

ಸಾಮ್ರಾಜ್ಯಗಳು ತಲೆಕೆಳಗಾದ ಸಂಗತಿಯನ್ನು ಚರಿತ್ರೆಕಾರರು ಬೇಕಾದಷ್ಟು ಬರೆದಿಟ್ಟಿದ್ದಾರೆ. ಆದರೆ ಒಂದು ಬ್ಯಾಟರಿ ತಲೆ ಮೇಲೆ ಮಾಡಿ ನಿಂತದ್ದನ್ನು ಯಾರೂ ದಾಖಲಿಸಿಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಯ ಸುಮಾರಿಗೆ, ಸೈಕಲ್ ಅಂಗಡಿಯ ಮಹಡಿಯ ಮೇಲಿದ್ದ ರಾಕೆಟ್ ಸಂಘದ ಕೋಣೆಯಲ್ಲಿ, ಆ ಘನವಾದ ಸಂಗತಿ ಬೆಳಕಿಗೆ ಬಂತು.

ಕಂಡವಳು ಫ್ಯೂಸಮ್ಮ. ಫ್ಯೂಸ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫ್ಯೂಸುಗಳನ್ನು ಬೇಕೆಂದೇ ಸುಟ್ಟು, ಹೇಗೆ ಸುಟ್ಟವೆಂದು ಬರೆದಿಟ್ಟು ನಿವೃತ್ತಳಾದವಳು. ಹೆಸರು ಹಿಂದಿನಿಂದ ಕರೆಯಲು ಇಟ್ಟದ್ದು. ಅವಳಿಗೇ ಹಿಡಿಸಿದ್ದರಿಂದ ಮುಂದಿನಿಂದಲೂ ನಡೆಯುತ್ತಿತ್ತು.

"ಇದು ಹೀಗೇ ಇತ್ತಾ?"

"ಹೀಗೇ ಇತ್ತು. ಬೀರುಗೆ ಬೀಗ ಹಾಕಿದ್ದೂ ನಾನೇ, ತೆಗೆದಿದ್ದೂ ನಾನೇ," ಎಂದರು ಸಂಘದ ಅಧ್ಯಕ್ಷರು. ವೃತ್ತಿಯಿಂದ ಹಲ್ಲಿನ ಡಾಕ್ಟರು. ವಾರವಿಡೀ ಬೇರೆಯವರ ಬಾಯಿ ತೆರೆಸಿ ಸಾಕಾಗಿಯೋ ಏನೋ, ಭಾನುವಾರ ತಮ್ಮದನ್ನು ಆದಷ್ಟು ಮುಚ್ಚಿಯೇ ಇಡುತ್ತಿದ್ದರು.

ಮೇಜಿನ ಮೇಲೆ ಹೋದ ವಾರದ ರಾಕೆಟ್ಟಿನ ಹೊಟ್ಟೆಯ ಭಾಗ ಬಿದ್ದಿತ್ತು. ಆರಡಿ ಎತ್ತರದ ಆ ರಾಕೆಟ್ಟು ದೊಡ್ಡ ಪ್ಯಾರಾಚೂಟ್ ಬಿಚ್ಚದೆ ಇಳಿದು, ಸಂಘ ಕಟ್ಟಿದ ಮೇಷ್ಟ್ರ ತಲೆಗೇ ಬಡಿದಿತ್ತು. ವಾರ ಕಳೆದರೂ ಮೇಷ್ಟ್ರಿಗೆ ಪ್ರಜ್ಞೆ ಬಂದಿರಲಿಲ್ಲ.

ಒಳಗಿನ ವೈರಿಂಗೆಲ್ಲ ಫ್ಯೂಸಮ್ಮನ ಅಣ್ಣನ ಮಗಳದು. ಅವಳು ಈಗ ಗೋಡೆಗೆ ಆತು ನಿಂತು ಉಗುರು ಕಚ್ಚುತ್ತಿದ್ದಳು. ಲಿಫ್ಟ್ ರಿಪೇರಿ ಅವಳ ಕೆಲಸ. ಊರಿನ ಅರ್ಧ ಕಟ್ಟಡಗಳು ಅವಳ ಕೈಯಿಂದಲೇ ಮೇಲೆ ಕೆಳಗೆ ಓಡಾಡುತ್ತಿದ್ದವು. ಇವತ್ತು ನಾಲ್ಕು ಗಂಟೆಗೆ ಸಮಿತಿ ಸೇರುವುದಿತ್ತು. 'ವೈರಿಂಗ್ ದೋಷ' ಎಂಬ ಎರಡು ಪದದ ವರದಿ ಆಗಲೇ ಟೈಪಾಗಿ ಸಹಿಗೆ ಕಾದಿತ್ತು. ಸಹಿ ಬಿದ್ದರೆ ವರದಿ ನೇರ ಪೊಲೀಸ್ ಠಾಣೆಗೆ. ಕೇಸು ಬಿದ್ದರೆ ಲಿಫ್ಟಿನ ಲೈಸೆನ್ಸೂ ಹೋಯಿತು.

"ಪುಟ್ಟಿ, ಬಾ ಇಲ್ಲಿ," ಎಂದಳು ಫ್ಯೂಸಮ್ಮ. ಸೋದರಸೊಸೆಗೆ ಇಪ್ಪತ್ತಾರಾಗಿತ್ತು, ಆದರೂ ಪುಟ್ಟಿಯೇ. "ಈ ಚೌಕ ಬ್ಯಾಟರಿ ನೋಡು. ಒಂಬತ್ತು ವೋಲ್ಟಿಂದು. ನೀನಿಟ್ಟಿದ್ದಾ?"

ಹುಡುಗಿ ಬಂದು ಬಗ್ಗಿದಳು. ಕರೆಯದೆ ಬಂದ ನೆಂಟರನ್ನು ನೋಡುವಂತೆ ಅದನ್ನೇ ನೋಡಿದಳು.

"ನಾನು ಹೀಗೆ ಇಡಲ್ಲ ಅತ್ತೆ. ಯಾರೂ ಹೀಗೆ ಇಡಲ್ಲ."

"ಯಾಕೆ? ಇಟ್ಟರೆ ಶಾಪ ತಟ್ಟುತ್ತಾ?"

"ಬ್ಯಾಟರಿ ತಲೆ ಕೆಳಗಿರಬೇಕು. ರಾಕೆಟ್ ಹಾರುವಾಗ ಒಳಗಿರೋದೆಲ್ಲ ಕೆಳಕ್ಕೆ ಒತ್ತುತ್ತೆ. ತಲೆ ಕೆಳಗಿದ್ರೆ ಬ್ಯಾಟರಿ ತನ್ನ ಕ್ಲಿಪ್ಪಿಗೆ ತಾನೇ ಒತ್ತಿ ಕೂತ್ಕೊಳ್ಳುತ್ತೆ. ತಲೆ ಮೇಲಿದ್ರೆ ಕ್ಲಿಪ್ಪಿಂದ ಕಿತ್ಕೊಂಡು ಬರುತ್ತೆ. ಮೊದಲನೇ ದಿನ ಮೇಷ್ಟ್ರು ಹೇಳ್ಕೊಡೋದೇ ಇದನ್ನ."

ಡಾಕ್ಟರು ಕೆಮ್ಮಿದರು. "ಬಿದ್ದ ರಭಸಕ್ಕೆ ತಿರುಗಿರಬಹುದು."

"ಬಿದ್ದ ರಭಸಕ್ಕೆ ತಿರುಗಿ, ಆಮೇಲೆ ತಾನೇ ಎದ್ದು, ತನ್ನನ್ನು ಕಟ್ಟಿಹಾಕೋ ಪಟ್ಟಿಯನ್ನೂ ಬಿಗಿದುಕೊಂಡಿತಾ ಡಾಕ್ಟ್ರೇ? ಬಲು ಶಿಸ್ತಿನ ಬ್ಯಾಟರಿ."

ಡಾಕ್ಟರು ಮತ್ತೆ ಕೆಮ್ಮಿದರು. ಈ ಸಲ ಅದರಲ್ಲಿ ವಾದ ಇರಲಿಲ್ಲ.

ಫ್ಯೂಸಮ್ಮ ಜೋಳಿಗೆಯಿಂದ ಭೂತಗನ್ನಡಿ ತೆಗೆದಳು. ಹಿಡಿಕೆ ಮುರಿದು ಚಮಚದ ಹಿಡಿಕೆ ಕಟ್ಟಿದ್ದ ಹಳೆಯ ಕನ್ನಡಿ. ಬ್ಯಾಟರಿಯ ಪಕ್ಕದ ಹಸಿರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ರಾಕೆಟ್ಟಿನ ಬುದ್ಧಿಯೆಲ್ಲ ಇದ್ದದ್ದು ಆ ಕಾರ್ಡಿನಲ್ಲಿ, ಒಂದು ಬಿಸ್ಕತ್ತಿನಷ್ಟಗಲ. ಎತ್ತರದ ತುದಿ ಮುಟ್ಟಿದಾಗ ಅದು ಒಂದು ಇಗ್ನೈಟರಿಗೆ ಕರೆಂಟು ಬಿಡಬೇಕು. ಇಗ್ನೈಟರ್ ಎಂದರೆ ಬೆಂಕಿಕಡ್ಡಿಯ ತಲೆಯಷ್ಟು ಮದ್ದು, ಒಳಗೆ ಕೂದಲಿನಷ್ಟು ಸಣ್ಣ ತಂತಿ. ತಂತಿ ಕಾದು ಮದ್ದು ಹೊತ್ತಿ ಸಣ್ಣ ಪ್ಯಾರಾಚೂಟ್ ಹೊರಗೆ ಬೀಳುತ್ತದೆ. ಕೆಳಗೆ ಬಂದ ಮೇಲೆ ಎರಡನೇ ಇಗ್ನೈಟರ್, ದೊಡ್ಡ ಪ್ಯಾರಾಚೂಟ್. ಹೋದ ವಾರ ಮೊದಲನೆಯದು ಬಂದಿತ್ತು, ಎರಡನೆಯದು ಬರಲಿಲ್ಲ. ಕಾರ್ಡು ನಡುವೆ ಸತ್ತಿತ್ತು.

"ಈ ಕಾರ್ಡು ಎಷ್ಟು ಕರೆಂಟು ತಡೆಯುತ್ತೆ?"

"ಐದು ಆಂಪಿಯರ್," ಎಂದಳು ಸೊಸೆ. "ಅದೂ ಒಂದು ಸೆಕೆಂಡು. ಇಗ್ನೈಟರಿಗೆ ಒಂದೇ ಸಾಕು. ಆದ್ರೆ ಸುಟ್ಟ ಮೇಲೆ ಒಂದೊಂದ್ಸಲ ಅದರ ಎರಡು ವೈರೂ ಅಂಟಿಕೊಂಡು ಶಾರ್ಟ್ ಆಗುತ್ತೆ. ಅದಕ್ಕೇ ಚೌಕ ಬ್ಯಾಟರಿ. ಪಾಪದ್ದು. ಶಾರ್ಟ್ ಆದ್ರೂ ನಾಲ್ಕೈದು ಆಂಪಿಯರ್ ಕೊಟ್ಟು ಸುಸ್ತಾಗಿ ಕೂತ್ಕೊಳ್ಳುತ್ತೆ. ಕಾರ್ಡು ಉಳ್ಕೊಳ್ಳುತ್ತೆ."

"ನಿನ್ನ ಬೆಸುಗೆ ಕೆಟ್ಟದಿತ್ತು ಅಂತ ಇವರ ವರದಿ."

"ನನ್ನ ಬೆಸುಗೆ ನೀವೇ ನೋಡಿ."

ಫ್ಯೂಸಮ್ಮ ನೋಡುತ್ತಿದ್ದುದು ಬೆಸುಗೆಯನ್ನಲ್ಲ. ಕಾರ್ಡಿನ ಅಂಚಿನಲ್ಲಿ ಬ್ಯಾಟರಿಯಿಂದ ಹೊರಟ ತಾಮ್ರದ ಗೆರೆಯೊಂದು ನಡುವೆ ಮಾಯವಾಗಿತ್ತು. ಹೋದ ಜಾಗದಲ್ಲಿ ಕಪ್ಪು ಮಸಿ. ಮಸಿಯ ಸುತ್ತ ಸಾಸಿವೆಗಿಂತ ಸಣ್ಣ ತಾಮ್ರದ ಹನಿಗಳು ಎರಚಿಕೊಂಡಿದ್ದವು.

ಅವಳ ಮುಖ ಹಳೆಯ ಗೆಳತಿಯನ್ನು ಸಂತೆಯಲ್ಲಿ ಕಂಡಂತೆ ಅರಳಿತು.

"ಡಾಕ್ಟ್ರೇ, ಹಲ್ಲು ಹುಳುಕಾಗಿ ಹೋಗಿದ್ದೋ, ಗುದ್ದಿಗೆ ಹೋಗಿದ್ದೋ ಅಂತ ನಿಮಗೆ ನೋಡಿದ್ರೆ ಗೊತ್ತಾಗುತ್ತಲ್ಲ?"

"ಗೊತ್ತಾಗದೆ ಏನು?"

"ಇದೂ ಹಾಗೇ. ಮಿತಿ ಸ್ವಲ್ಪ ಮೀರಿದ್ರೆ ತಾಮ್ರ ನಿಧಾನಕ್ಕೆ ಕಾದು, ಬಣ್ಣ ತಿರುಗಿ, ನಡುವೆ ಕರಗಿ ಜೋತುಬೀಳುತ್ತೆ. ಅದು ಹುಳುಕು. ಹೀಗೆ ಸಿಡಿದು ಹನಿ ಎರಚಿಕೊಂಡ್ರೆ ಅದು ಗುದ್ದು. ಒಂದೇ ಏಟಿಗೆ ಮೂವತ್ತು ನಲವತ್ತು ಆಂಪಿಯರ್ ನುಗ್ಗಿದೆ. ಇಂಥವು ನಾನು ಲಕ್ಷ ಸುಟ್ಟಿದ್ದೀನಿ." ಅವಳು ಚೌಕ ಬ್ಯಾಟರಿಯನ್ನು ಬೆರಳಿನಿಂದ ತಟ್ಟಿದಳು. "ನಿಮ್ಮ ಈ ಪಾಪದ ಪ್ರಾಣಿಗೆ ಏಳು ಜನ್ಮ ಎತ್ತಿದ್ರೂ ನಲವತ್ತು ಆಂಪಿಯರ್ ಹೆರೋಕಾಗಲ್ಲ."

ಕೆಳಗಡೆ ಯಾರೋ ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ ಸದ್ದು ಬರುತ್ತಿತ್ತು.

"ಅಂದ್ರೆ?" ಎಂದರು ಡಾಕ್ಟರು.

"ಅಂದ್ರೆ ಹಾರಿದ್ದು ಬೇರೆ ಬ್ಯಾಟರಿ, ಈಗ ಇಲ್ಲಿರೋದು ಬೇರೆ. ಬಿದ್ದ ಮೇಲೆ ಯಾರೋ ಬದಲಾಯಿಸಿದ್ದಾರೆ. ಮೊದಲು ಹತ್ತಿರ ಹೋದೋರು ಯಾರು?"

ಡಾಕ್ಟರು ನೆನಪಿಸಿಕೊಳ್ಳಲು ತೆಗೆದುಕೊಂಡ ಹೊತ್ತು ಬೇಕಾದದ್ದಕ್ಕಿಂತ ತುಸು ಹೆಚ್ಚು. ಬೀರುವಿನ ಕೀಲಿ ಅವರ ಬೆರಳಿನಲ್ಲಿ ಗಿರಗಿರ ತಿರುಗುತ್ತಿತ್ತು. ಫ್ಯೂಸಮ್ಮ ಕೀಲಿಯನ್ನೂ ನೋಡಿದಳು, ಬೆರಳನ್ನೂ ನೋಡಿದಳು. ಆದರೆ ಡಾಕ್ಟರು ಹನ್ನೆರಡು ವರ್ಷದಿಂದ ರಾಕೆಟ್ ಹಾರಿಸಿದವರು. ನಿದ್ದೆಗಣ್ಣಿನಲ್ಲಿ ಇಟ್ಟರೂ ಬ್ಯಾಟರಿಯ ತಲೆ ಕೆಳಗೇ ಇಟ್ಟಾರು.

"ನಾವೆಲ್ಲ ಮೇಷ್ಟ್ರ ಕಡೆ ಓಡಿದ್ವಿ," ಎಂದರು ಕೊನೆಗೆ. "ರಾಕೆಟ್ಟಿನ ಕಡೆ ಹೋಗಿದ್ದು ಪೈಲಟ್ಟು. ಅದನ್ನ ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟಿದ್ದೂ ಅವರೇ."

"ಅವರು ಸಂಘಕ್ಕೆ ಬಂದು ಎಷ್ಟು ದಿನ ಆಯ್ತು?"

"ಎಂಟು ತಿಂಗಳು. ಅದಕ್ಕೆ ಮೊದಲು ಆಟದ ವಿಮಾನ ಹಾರಿಸ್ತಿದ್ರು."

"ವಿಮಾನದಲ್ಲಿ ಬ್ಯಾಟರಿ ಹೇಗಿಡ್ತಾರೆ?"

ಉತ್ತರ ಕೊಟ್ಟವಳು ಸೊಸೆ. "ಮಲಗಿಸಿ."

"ಹಾಗಾದ್ರೆ ತಲೆ ಯಾವ ಕಡೆ ಅನ್ನೋ ಪ್ರಶ್ನೆನೇ ಅವರಿಗೆ ಹುಟ್ಟಿರಲ್ಲ," ಎಂದು ಫ್ಯೂಸಮ್ಮ ಜೋಳಿಗೆ ಹೆಗಲಿಗೇರಿಸಿದಳು. "ಸ್ಕೂಟರ್ ತೆಗಿಯೇ."

*

ಪೈಲಟ್ಟು ಜನ್ಮದಲ್ಲಿ ವಿಮಾನ ಓಡಿಸಿದವನಲ್ಲ, ಬಚ್ಚಲಮನೆಯ ಟೈಲ್ಸ್ ಮಾರುವವನು. ಆದರೆ ಆಕಾಶದ ಮಾತು ಬಂದರೆ ಬೆಲ್ಟು ಬಿಗಿದುಕೊಂಡಂತೆ ನೆಟ್ಟಗೆ ಕೂರುತ್ತಿದ್ದ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಟೈಲ್ಸುಗಳ ನಡುವೆ ಫ್ಯೂಸಮ್ಮ ನಡೆದು ಬರುವಾಗ ಅವಳ ಬಿಂಬ ಹದಿನೈದು ಹೊಳಪಿನಲ್ಲಿ ಹದಿನೈದು ಸಲ ಬಂತು. ಸೊಸೆ ಹೊರಗೆ ಸ್ಕೂಟರಿಗೆ ಜಾಗ ಹುಡುಕುತ್ತಿದ್ದಳು.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಬಚ್ಚಲಿಗಾ, ಅಡುಗೆಮನೆಗಾ?"

"ರಾಕೆಟ್ಟಿಗೆ."

ನಗು ಪೈಲಟ್ಟಿನ ಮುಖದ ಮೇಲೆ ಉಳಿಯಿತು. ಒಳಗಿನವನು ಮಾತ್ರ ಎದ್ದು ಹೋಗಿದ್ದ.

"ಮೇಷ್ಟ್ರು ಹೇಗಿದ್ದಾರೆ ಅಮ್ಮ?"

"ಹೋದ ವಾರ ಹೇಗಿದ್ರೋ ಹಾಗೇ. ನೀವು ನೋಡೋಕೆ ಹೋಗಿಲ್ವಂತೆ?"

"ಆಸ್ಪತ್ರೆ ವಾಸನೆ ಆಗಲ್ಲ ನಂಗೆ."

"ಸುಟ್ಟ ಬ್ಯಾಟರಿ ವಾಸನೆ ಆಗುತ್ತಾ?"

ಪೈಲಟ್ಟು ಕೌಂಟರಿನ ಮೇಲಿದ್ದ ಬಟ್ಟೆ ತೆಗೆದುಕೊಂಡು, ಆಗಲೇ ಹೊಳೆಯುತ್ತಿದ್ದ ಟೈಲೊಂದನ್ನು ಒರೆಸತೊಡಗಿದ.

"ಏನು ಹೇಳ್ತಿದ್ದೀರೋ ಅರ್ಥ ಆಗ್ತಿಲ್ಲ."

"ಅರ್ಥ ಮಾಡಿಸೋಕೇ ಬಂದಿದ್ದೀನಿ ಕಣಪ್ಪ, ಕಾಲು ನೋವಿದ್ರೂ. ಬಿದ್ದಿದ್ದ ರಾಕೆಟ್ಟಿನಿಂದ ಒಂದು ಬ್ಯಾಟರಿ ತೆಗೆದೆ. ಅದರ ಜಾಗದಲ್ಲಿ ಚೌಕದ್ದು ಇಟ್ಟೆ. ಅವಸರ, ಕೈ ನಡುಕ, ಎಲ್ಲಾ ಒಪ್ಪಿದೆ. ಆದ್ರೆ ತಲೆ ಮೇಲಿಟ್ಟೆ. ಅಲ್ಲೇ ಎಡವಿದ್ದು. ಆ ಸಂಘದಲ್ಲಿ ತಲೆ ಮೇಲಿಡೋನು ನೀನೊಬ್ಬನೇ."

"ಯಾರು ಬೇಕಾದ್ರೂ..."

"ಡಾಕ್ಟ್ರು ಇಡಲ್ಲ. ನನ್ನ ಸೊಸೆ ಇಡಲ್ಲ. ಮೇಷ್ಟ್ರು ಇಡೋ ಸ್ಥಿತಿಯಲ್ಲಿರಲಿಲ್ಲ, ಪಾಪ, ನೆಲಕ್ಕೆ ಬಿದ್ದಿದ್ರು."

ಬಟ್ಟೆ ನಿಂತಿತು.

"ನಾಲ್ಕು ಗಂಟೆಗೆ ಒಂದು ಹುಡುಗಿ ಹಣೆಗೆ ಸೀಲು ಹೊಡೀತಾರೆ," ಎಂದಳು ಫ್ಯೂಸಮ್ಮ. ಧ್ವನಿ ಏರಲಿಲ್ಲ. "ವಾರವಿಡೀ ನೀನು ಅದನ್ನ ನೋಡ್ಕೊಂಡು ಟೈಲ್ಸ್ ಒರೆಸ್ತಾ ಕೂತಿದ್ದೀಯ. ನಿನ್ನ ಟೈಲ್ಸ್ ಬಹಳ ಚೆನ್ನಾಗಿದೆ. ಮುಖ ಕಾಣುತ್ತೆ. ಒಂದ್ಸಲ ನೋಡ್ಕೋ."

ಪೈಲಟ್ಟು ನೋಡಿಕೊಳ್ಳಲಿಲ್ಲ. ಕುರ್ಚಿ ಎಳೆದು ಕುಸಿದು ಕೂತ. ಈ ಸಲ ಬೆಲ್ಟು ಬಿಗಿಯಲಿಲ್ಲ.

"ಅದು ನನ್ನ ಬ್ಯಾಟರಿ ಅಮ್ಮ."

"ವಿಮಾನದ್ದು?"

"ಹ್ಞೂಂ. ಲಿಥಿಯಂದು. ಆದ್ರೆ ಹಾಕಿದ್ದು ನಾನಲ್ಲ, ಆಣೆ ಮಾಡ್ತೀನಿ. ಮೇಷ್ಟ್ರೇ ಕೇಳಿ ಇಸ್ಕೊಂಡ್ರು. ಬೆಳಗಿನ ಚಳಿಗೆ ಚೌಕ ಬ್ಯಾಟರಿ ಸೋಲುತ್ತೆ, ಕಾರ್ಡಿನ ಬೀಪು ಸಣ್ಣಗೆ ಬರ್ತಿದೆ, ನಿನ್ನದೊಂದು ಕೊಡು ಅಂದ್ರು. ಶನಿವಾರ ಸಾಯಂಕಾಲ ಕೊಟ್ಟೆ. ಭಾನುವಾರ ಬೆಳಿಗ್ಗೆ ಅವರ ಕೈಯಾರೆ ಒಳಗಿಟ್ರು."

"ಅದು ಎಷ್ಟು ಆಂಪಿಯರ್ ಕೊಡುತ್ತೆ ಅಂತ ಗೊತ್ತಿತ್ತಾ?"

"ವಿಮಾನದಲ್ಲಿ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ ಅಮ್ಮ? ನಾನು ಹಾಗೇ ಅಂದೆ. ಮೇಷ್ಟ್ರು ಬೈದ್ರು. 'ಕೊಡೋದು ಬ್ಯಾಟರಿ ಕೆಲಸ, ತಡೆಯೋದು ನಮ್ಮ ಕೆಲಸ ಕಣೋ' ಅಂದ್ರು. ಶನಿವಾರವೇ ಕೆಂಪು ವೈರನ್ನ ನಡುವೆ ಕತ್ತರಿಸಿ, ಎರಡು ಓಮಿನ ಒಂದು ರೆಸಿಸ್ಟರ್ ಬೆಸೆದ್ರು, ಬಿಳಿ ಇಟ್ಟಿಗೆ ಥರದ್ದು. ಇನ್ನು ಎಂಥ ಶಾರ್ಟ್ ಆದ್ರೂ ನಾಲ್ಕು ಆಂಪಿಯರ್ ದಾಟಲ್ಲ ಅಂದ್ರು. ಮೇಲೆ ಕರಿ ಟೇಪು ಸುತ್ತಿದ್ರು. ನನ್ನ ಕಣ್ಣೆದುರಿಗೇ."

ಫ್ಯೂಸಮ್ಮನ ಹುಬ್ಬು ಕೂಡಿತು. ಮೇಷ್ಟ್ರ ಲೆಕ್ಕ ಸರಿಯಾಗಿತ್ತು. ಆ ರೆಸಿಸ್ಟರ್ ಇದ್ದಿದ್ದರೆ ಕಾರ್ಡಿನ ಗೆರೆ ಸಿಡಿಯುವ ಮಾತೇ ಇರಲಿಲ್ಲ.

"ಮತ್ತೆ ಬದಲಾಯಿಸಿದ್ದು ಯಾಕೆ?"

"ಬಿದ್ದಿದ್ದನ್ನ ಎತ್ತಿದಾಗ ನನ್ನ ಬ್ಯಾಟರಿ ಹೊಟ್ಟೆ ಊದಿಕೊಂಡು ಹೊಗೆ ಬರ್ತಿತ್ತು. ಆ ಕಡೆ ಮೇಷ್ಟ್ರು ರಕ್ತದಲ್ಲಿ ಬಿದ್ದಿದ್ದಾರೆ. ನನ್ನ ಬ್ಯಾಟರಿಯಿಂದ ಹೋದ್ರು ಅಂತ ಎಲ್ಲಾ ಅಂತಾರಲ್ಲ ಅಂತ ಜೀವ ಹಾರಿಹೋಯ್ತು. ಚೀಲದಲ್ಲಿ ಚೌಕದ್ದೊಂದಿತ್ತು..." ಅವನು ಮುಖ ಒರೆಸಿಕೊಂಡ, ಅದೇ ಬಟ್ಟೆಯಲ್ಲಿ. "ನಿಮ್ಮ ಹುಡುಗಿ ಹೆಸರು ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ ಅಮ್ಮ. ಬಂದ ಮೇಲೆ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ."

"ಬ್ಯಾಟರಿ ಎಲ್ಲಿ?"

"ಹಿಂದುಗಡೆ. ಮರಳಿನ ಬಕೆಟ್ಟಿನಲ್ಲಿ ಹೂತಿಟ್ಟಿದ್ದೀನಿ. ಊದಿದ್ದನ್ನ ಹಾಗೇ ಇಡಬೇಕು, ಇಲ್ದಿದ್ರೆ ಹೊತ್ಕೊಳ್ಳುತ್ತೆ."

"ಪರವಾಗಿಲ್ಲ, ಬ್ಯಾಟರಿಗಾದ್ರೂ ಮರ್ಯಾದೆ ಕೊಟ್ಟಿದ್ದೀಯ. ತಗೊಂಡು ಬಾ."

ಅವನು ಬಕೆಟ್ಟು ತಂದು, ಎರಡೂ ಕೈಯಿಂದ ಮರಳು ಸರಿಸಿ ಅದನ್ನು ಹೊರತೆಗೆದ. ನೀಲಿ ಹೊದಿಕೆಯ ಚಪ್ಪಟೆ ಬ್ಯಾಟರಿ, ತಿಂದು ಮಲಗಿದ ಬೆಕ್ಕಿನ ಹಾಗೆ ಊದಿಕೊಂಡಿತ್ತು. ಕೆಂಪು ವೈರಿನ ನಡುವೆ ಕರಿ ಟೇಪಿನ ಸುರುಳಿ.

"ಅದರೊಳಗಿದೆ ನೋಡಿ ರೆಸಿಸ್ಟರು," ಎಂದ ಪೈಲಟ್ಟು.

ಫ್ಯೂಸಮ್ಮ ಟೇಪಿನ ಸುರುಳಿಯನ್ನು ಎರಡು ಬೆರಳಿನಲ್ಲಿ ಒತ್ತಿದಳು. ಒಳಗೆ ಇಟ್ಟಿಗೆಯಂಥದ್ದೇನೂ ಸಿಗಲಿಲ್ಲ. ಟೇಪಿನ ತುದಿ ಹುಡುಕಿ, ಗಾಯದ ಪಟ್ಟಿ ಬಿಚ್ಚುವ ಹಾಗೆ ಒಂದೊಂದೇ ಸುತ್ತು ಬಿಚ್ಚಿದಳು.

ರೆಸಿಸ್ಟರ್ ಇರಲಿಲ್ಲ. ಅದು ಇದ್ದ ಜಾಗದಲ್ಲಿ ವೈರಿನ ಎರಡು ತುದಿಗಳನ್ನು ನೇರವಾಗಿ ಒಂದಕ್ಕೊಂದು ಹೊಸೆಯಲಾಗಿತ್ತು. ಹಳೆಯ ಬೆಸುಗೆಯ ಬೆಳ್ಳಿ ಬಣ್ಣ ತುದಿಗಳಲ್ಲಿ ಇನ್ನೂ ಅಂಟಿಕೊಂಡಿತ್ತು.

"ಇಲ್ಲ!" ಪೈಲಟ್ಟು ಕುರ್ಚಿಯಿಂದ ಎದ್ದೇಬಿಟ್ಟ. "ನಾನು ಮುಟ್ಟಿಲ್ಲ ಅಮ್ಮ. ಟೇಪು ಬಿಚ್ಚೇ ಇಲ್ಲ. ಮಕ್ಕಳಾಣೆ."

"ಕೂಗಬೇಡ. ಶನಿವಾರ ಸಾಯಂಕಾಲದಿಂದ ಭಾನುವಾರ ಬೆಳಗಿನವರೆಗೆ ಇದು ಎಲ್ಲಿತ್ತು?"

"ಸಂಘದ ಮೇಜಿನ ಮೇಲೇ. ಬಾಗಿಲ ಕೀಲಿ ಎಲ್ಲರ ಹತ್ರಾನೂ ಇದೆ."

ಅವನು ನಿಜ ಹೇಳುತ್ತಿದ್ದಾನೆಂದು ಫ್ಯೂಸಮ್ಮನಿಗೆ ಗೊತ್ತಾಗಿತ್ತು. ಅವನ ಮುಖ ನೋಡಿ ಅಲ್ಲ. ಅವಳು ಅವನ ಕಡೆ ನೋಡಿಯೇ ಇರಲಿಲ್ಲ. ಭೂತಗನ್ನಡಿ ಆ ವೈರಿನ ಮೇಲೆಯೇ ನಿಂತಿತ್ತು.

ತುದಿಗಳನ್ನು ಅಡ್ಡಡ್ಡ ಇಟ್ಟು, ಐದು ಸುತ್ತು ಎಡಕ್ಕೆ, ಐದು ಸುತ್ತು ಬಲಕ್ಕೆ. ಉಳಿದ ತುದಿಯನ್ನು ಕತ್ತರಿಸದೆ, ಸುತ್ತಿನ ಕೆಳಗೆ ನುಸುಳಿಸಿ ಹಿಂದಕ್ಕೆ ಮಡಚಿದ್ದು. ಬೆಸುಗೆಯಿಲ್ಲದೆಯೂ ಬಿಚ್ಚಿಕೊಳ್ಳದ ಹೊಸೆತ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕಾರ್ಖಾನೆಯ ಎರಡನೇ ವರ್ಷದಲ್ಲಿ, ಬೆಸುಗೆಯ ಕಡ್ಡಿ ಕೈಕೊಟ್ಟ ಒಂದು ಮಧ್ಯಾಹ್ನ, ಫ್ಯೂಸಮ್ಮ ತಾನೇ ಕಂಡುಕೊಂಡದ್ದು. ಜೊತೆಯವರಿಗೆ ಹೇಳಿಕೊಟ್ಟಳು, ಯಾರ ಕೈಗೂ ಕೂರಲಿಲ್ಲ. ಕೊನೆಗೆ ಕಲಿತವಳು ಒಬ್ಬಳೇ, ಆಗ ಏಳು ವರ್ಷದವಳು, ಅಡುಗೆಮನೆ ಕಟ್ಟೆಯ ಮೇಲೆ ಕಾಲಾಡಿಸುತ್ತ ಕೂತು, ಮೂರೇ ಸಲಕ್ಕೆ.

ಗಾಜಿನ ಬಾಗಿಲು ತೆರೆಯಿತು.

"ಜಾಗ ಸಿಗೋಷ್ಟರಲ್ಲಿ ಸಾಕಾಯ್ತು," ಎನ್ನುತ್ತ ಸೊಸೆ ಒಳಗೆ ಬಂದಳು. "ಒಪ್ಕೊಂಡ್ರಾ ಅತ್ತೆ?"

"ಒಪ್ಕೊಂಡ." ಫ್ಯೂಸಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅದು ಕೊಳೆಯಾಗಿರಲಿಲ್ಲ. "ಪುಟ್ಟಿ, ಈ ಬ್ಯಾಟರಿ ಮೊದಲು ಯಾವಾಗಾದ್ರೂ ನೋಡಿದ್ಯೇನೇ?"

"ಇಲ್ಲ. ಇವತ್ತೇ ನೋಡ್ತಿರೋದು."

ಉತ್ತರ ತಟ್ಟನೆ ಬಂತು. ಆದರೆ ಅದನ್ನು ಹೇಳುವಾಗ ಹುಡುಗಿ ಬ್ಯಾಟರಿಯ ಕಡೆಗೆ ಕಣ್ಣು ಹಾಯಿಸಿಯೇ ಇರಲಿಲ್ಲ.

"ಶನಿವಾರ ಸಂಘಕ್ಕೆ ಹೋಗಿದ್ಯಾ?"

"ಇಲ್ಲ ಅತ್ತೆ. ಲಿಫ್ಟ್ ಕೆಲಸ ಇತ್ತು. ಯಾಕೆ?"

"ಸುಮ್ನೆ ಕೇಳ್ದೆ ಕಣೇ."

ಪೈಲಟ್ಟು ಬಾಯಿ ತೆರೆದ. ಫ್ಯೂಸಮ್ಮ ಅವನ ಕಡೆ ಒಂದು ನೋಟ ಬಿಟ್ಟಳು. ಹಲ್ಲಿನ ಡಾಕ್ಟರಿಗೆ ಆ ನೋಟ ಸಿಕ್ಕಿದ್ದರೆ ಅರಿವಳಿಕೆ ಸೂಜಿಯ ಕೆಲಸವೇ ಇರುತ್ತಿರಲಿಲ್ಲ. ಅವನ ಬಾಯಿ ಮುಚ್ಚಿಕೊಂಡಿತು.

ಅವಳು ಟೇಪನ್ನು ಮತ್ತೆ ಸುತ್ತಿದಳು. ಮೊದಲಿದ್ದ ಸುತ್ತಿನ ಮೇಲೇ ಸುತ್ತು ಬರುವಂತೆ, ತುದಿ ಅದೇ ಜಾಗದಲ್ಲಿ ಕೂರುವಂತೆ. ಮೂವತ್ತೊಂದು ವರ್ಷ ಸುಟ್ಟದ್ದನ್ನು ಸುಟ್ಟಂತೆಯೇ ಬರೆದಿಟ್ಟ ಕೈ ಅದು. ಬೆರಳುಗಳು ಸ್ವಲ್ಪ ಹೊತ್ತು ಟೇಪಿನ ಮೇಲೇ ನಿಂತವು, ಆಮೇಲೆ ಅದನ್ನು ಗಟ್ಟಿಯಾಗಿ ಒತ್ತಿ ಅಂಟಿಸಿದವು.

ನಾಲ್ಕು ಗಂಟೆಗೆ ಪೈಲಟ್ಟು ಸಮಿತಿಯ ಮುಂದೆ ನಿಂತು, ಚೌಕ ಬ್ಯಾಟರಿ ಇಟ್ಟದ್ದು ತಾನೇ ಎಂದು ಒಪ್ಪಿಕೊಂಡ. ಊದಿದ ಬ್ಯಾಟರಿ ಕೈಯಿಂದ ಕೈಗೆ ಹೋಯಿತು. ಡಾಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಈ ಟೇಪಿನೊಳಗೆ ಏನಿದೆ ಅಮ್ಮ?"

ಪೈಲಟ್ಟು ನೆಲ ನೋಡಿದ. ಸೊಸೆ ಅತ್ತೆಯನ್ನು ನೋಡಿದಳು.

"ವೈರು," ಎಂದಳು ಫ್ಯೂಸಮ್ಮ.

ಹುಡುಗಿಯ ಕೆಲಸದಲ್ಲಿ ಯಾವ ದೋಷವೂ ಇಲ್ಲವೆಂದು ಬರೆದು ಸಮಿತಿ ಸಹಿ ಹಾಕಿತು.